ಬಣ್ಣ ಬಳಿದ ನಕ್ಷೆ, ಬಾರದ ಕರೆ

"ನಮ್ಮ ಕಡೆ ಇದೇ ಚೆನ್ನಾಗಿ ಸಿಗೋದು ಮಾರಾಯ್ರೆ, ಅದು ಬರೀ ದಂಡ." ಈ ಮಾತು ಕೇಳಿಬರದ ಬಸ್ ನಿಲ್ದಾಣ ಮಲೆನಾಡಿನಲ್ಲಿ ಇರಲಾರದು. ಪಕ್ಕದಲ್ಲಿ ನಿಂತವರು ಕೂಡಲೇ ತಮ್ಮ ಫೋನು ತೆಗೆದು "ಏನ್ರೀ, ನನಗೆ ನಾಲ್ಕು ಕಡ್ಡಿ ಇದೆಯಲ್ಲ!" ಎನ್ನುತ್ತಾರೆ. ಮೂರನೆಯವರು ಭಾವಮೈದುನನ ಮನೆಯಲ್ಲಿ ಆದ ಅನುಭವ ತೆಗೆಯುತ್ತಾರೆ. ಬಸ್ಸು ಬಂದರೂ ವಾದ ಮುಗಿಯುವುದಿಲ್ಲ. ಕ್ರಿಕೆಟ್ಟಿನ ವಾದಕ್ಕಾದರೆ ಕೊನೆಗೆ ಸ್ಕೋರು ಎಂಬುದೊಂದು ಇರುತ್ತದೆ. ಮೊಬೈಲ್ ಜಾಲದ ವಾದಕ್ಕೆ ಅಂಥ ಸ್ಕೋರು ಬಹಳ ಕಾಲ ಇರಲೇ ಇಲ್ಲ. ಈಗ ಇದೆ, ಆದರೆ ಅದನ್ನು ಬರೆಯುವವರು ಆಟಗಾರರೇ.

ನಾನು ಹೇಳುತ್ತಿರುವುದು ವ್ಯಾಪ್ತಿ ನಕ್ಷೆಗಳ ಬಗ್ಗೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಆಗಸ್ಟ್‌ನಲ್ಲಿ ಸೇವಾ ಗುಣಮಟ್ಟದ ಹೊಸ ನಿಯಮಗಳನ್ನು ಹೊರಡಿಸಿತು. ಅವು ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ಅವುಗಳ ಪ್ರಕಾರ ಪ್ರತಿ ಕಂಪನಿಯೂ ತನ್ನ 2ಜಿ, 3ಜಿ, 4ಜಿ, 5ಜಿ ಸೇವೆ ಎಲ್ಲೆಲ್ಲಿ ಸಿಗುತ್ತದೆ ಎಂಬುದನ್ನು ನಕ್ಷೆಯಾಗಿ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಇದು ಒಳ್ಳೆಯ ಹೆಜ್ಜೆ, ಅದರಲ್ಲಿ ಅನುಮಾನವಿಲ್ಲ. ಸಿಮ್ ಕೊಂಡ ಮೇಲೆ ಪೇಚಾಡುವುದಕ್ಕಿಂತ ಕೊಳ್ಳುವ ಮೊದಲೇ ನೋಡಿಕೊಳ್ಳುವುದು ಮೇಲು. ಆದರೆ ಪ್ರಕಟವಾದ ಮೇಲೆ ನಕ್ಷೆಯೂ ಒಂದು ಕೃತಿಯೇ. ಪುಸ್ತಕವನ್ನು ವಿಮರ್ಶಿಸುವಂತೆ ಅದನ್ನೂ ವಿಮರ್ಶಿಸಬಹುದು. ಅದು ಏನು ಹೇಳುತ್ತದೆ, ಯಾವ ಆಧಾರದಿಂದ ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂದು ಕೇಳಬಹುದು.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ದೂರ ಒಳಗೆ ನಮ್ಮ ಬಂಧುಗಳ ಮನೆಯಿದೆ. ಹೋದ ಮಳೆಗಾಲ ಅಲ್ಲಿಗೆ ಹೊರಡುವ ಮೊದಲು ಒಂದು ಕಂಪನಿಯ ನಕ್ಷೆ ತೆರೆದು ನೋಡಿದೆ. ಹೆದ್ದಾರಿ, ಅಡಿಕೆ ತೋಟ, ಹಿಂದಿನ ಗುಡ್ಡ, ಮನೆ ಎಲ್ಲಕ್ಕೂ ಒಂದೇ ಬಣ್ಣ. 4ಜಿ ಇದೆ ಎಂಬುದು ಅದರ ಅರ್ಥ. ಹೆದ್ದಾರಿಯಲ್ಲಿ ಬಸ್ಸಿಳಿದಾಗ ಫೋನು ತೋರಿಸಿದ ಸಂಕೇತ ಬಲ -91 ಡಿಬಿಎಂ. ತೋಟದ ದಣಪೆ ದಾಟುವಾಗ -109. ಜಗಲಿಯಲ್ಲಿ -118, ಅದೂ ಬಂದು ಹೋಗಿ ಮಾಡುತ್ತಿತ್ತು. ಅಡುಗೆಮನೆಯಲ್ಲಿ ಏನೂ ಇಲ್ಲ. ಮನೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಜಗಲಿಯ ಮೂಲೆಯ ಕಿಟಕಿಯ ಸರಳಿಗೆ ಒಂದು ಬಟ್ಟೆಯ ಚೀಲ ಕಟ್ಟಿ, ಮನೆಯ ಫೋನನ್ನು ಅದರಲ್ಲಿ ತೂಗಿಬಿಟ್ಟಿದ್ದಾರೆ. ಗಂಟೆ ಬಾರಿಸಿದರೆ ಓಡಿ ಬಂದು ಅಲ್ಲೇ ನಿಂತು ಮಾತಾಡಬೇಕು. ಸಂಚಾರಿ ದೂರವಾಣಿಯನ್ನು ಹೀಗೆ ಗೋಡೆಗೆ ಕಟ್ಟಿ ಸ್ಥಿರ ದೂರವಾಣಿ ಮಾಡಿದ ಮನೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ.

ಹಾಗಾದರೆ ನಕ್ಷೆ ಸುಳ್ಳು ಹೇಳಿತೇ? ಥಟ್ಟನೆ ಹೌದು ಎನ್ನುವ ಹಾಗಿಲ್ಲ. ಮೊದಲು ಅಳತೆಯ ಮಾತನ್ನು ಬಗೆಹರಿಸಿಕೊಳ್ಳೋಣ.

ಬಸ್ ನಿಲ್ದಾಣದ ವಾದದಲ್ಲಿ ಎಲ್ಲರೂ ಸಾಕ್ಷಿಯಾಗಿ ತೋರಿಸುವುದು ಪರದೆಯ ಮೂಲೆಯ ಕಡ್ಡಿಗಳನ್ನು. ಈ ಕಡ್ಡಿ ಒಂದು ಮಾನವೇ ಅಲ್ಲ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ತೋರಿಸಬೇಕೆಂದು ಎಲ್ಲ ತಯಾರಕರನ್ನೂ ಕಟ್ಟಿಹಾಕುವ ನಿಯಮವಿಲ್ಲ. 2010ರ ಜೂನ್‌ನಲ್ಲಿ ಐಫೋನ್ 4 ಮಾರುಕಟ್ಟೆಗೆ ಬಂದಾಗ, ಅದನ್ನು ಒಂದು ರೀತಿಯಲ್ಲಿ ಹಿಡಿದರೆ ಕಡ್ಡಿಗಳು ಕುಸಿಯುತ್ತವೆ ಎಂಬ ದೂರು ಎದ್ದಿತು. ಜುಲೈ 2ರಂದು ಆಪಲ್ ಕೊಟ್ಟ ಉತ್ತರ ಸ್ವಾರಸ್ಯಕರವಾಗಿತ್ತು. ಕಡ್ಡಿ ಲೆಕ್ಕ ಹಾಕುವ ತನ್ನ ಸೂತ್ರವೇ ಪೂರಾ ತಪ್ಪಾಗಿದೆ, ಹಲವು ಸಂದರ್ಭಗಳಲ್ಲಿ ಎರಡು ಕಡ್ಡಿ ತೋರಿಸಬೇಕಾದಲ್ಲಿ ನಾಲ್ಕು ತೋರಿಸುತ್ತಿತ್ತು ಎಂದು ಕಂಪನಿಯೇ ಒಪ್ಪಿಕೊಂಡಿತು. ಅಂದರೆ ಕುಸಿದದ್ದು ಇಲ್ಲದ ಎತ್ತರದಿಂದ! ಆ ಫೋನಿನ ಆಂಟೆನಾದಲ್ಲಿ ನಿಜವಾದ ದೋಷವೂ ಇತ್ತು, ಅದಕ್ಕಾಗಿ ಕಂಪನಿ ಬಳಿಕ ಉಚಿತ ಕವಚ ಹಂಚಿತು. ಆದರೆ ಕಡ್ಡಿ ಎಂಬುದು ತಯಾರಕನು ಬರೆದ ಚಿತ್ರ ಎಂಬ ಸಂಗತಿ ಅಂದು ಎಲ್ಲರ ಎದುರು ಬಯಲಾಯಿತು. ಇಬ್ಬರ ಫೋನಿನ ಕಡ್ಡಿಗಳನ್ನು ಹೋಲಿಸುವುದೆಂದರೆ, ಇಬ್ಬರು ಮೇಷ್ಟ್ರುಗಳು ತಮ್ಮ ತಮ್ಮ ಮನಸ್ಸಿಗೆ ಬಂದಂತೆ ಕೊಟ್ಟ ಅಂಕಗಳನ್ನು ಹೋಲಿಸಿದ ಹಾಗೆ.

ನಿಜವಾದ ಮಾನ ಡಿಬಿಎಂ. ಒಂದು ಮಿಲಿವಾಟ್ ಶಕ್ತಿಯನ್ನು ಸೊನ್ನೆ ಎಂದಿಟ್ಟುಕೊಂಡು, ಅದರ ಹತ್ತನೇ ಒಂದು ಭಾಗಕ್ಕೆ -10, ನೂರನೇ ಒಂದು ಭಾಗಕ್ಕೆ -20 ಎಂದು ಎಣಿಸುತ್ತ ಹೋಗುವುದು ಇದರ ಕ್ರಮ. ಹೆದ್ದಾರಿಯ -91ಕ್ಕೂ ಜಗಲಿಯ -118ಕ್ಕೂ ಅಂಕಿಯಲ್ಲಿ ಹೆಚ್ಚು ದೂರವಿಲ್ಲದಂತೆ ಕಂಡರೂ ಶಕ್ತಿಯಲ್ಲಿ ಅದು 500 ಪಟ್ಟು ಇಳಿಕೆ. ಇಲ್ಲೊಂದು ಎಚ್ಚರ ಅಗತ್ಯ. 2ಜಿಯ -100ನ್ನೂ 4ಜಿಯ -100ನ್ನೂ ಒಟ್ಟಿಗೆ ಇಟ್ಟು ನೋಡಬಾರದು. 2ಜಿಯಲ್ಲಿ ಅಳೆಯುವುದು ಇಡೀ ವಾಹಕದ ಒಟ್ಟು ಶಕ್ತಿಯನ್ನು. 4ಜಿಯಲ್ಲಿ ಅಳೆಯುವುದು 15 ಕಿಲೋಹರ್ಟ್ಸ್ ಅಗಲದ ಒಂದೇ ಒಂದು ಉಪವಾಹಕದ ಶಕ್ತಿಯನ್ನು. 20 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅಂಥ 1200 ಉಪವಾಹಕಗಳಿರುತ್ತವೆ. ಈ ಒಂದೇ ಕಾರಣದಿಂದ ಸುಮಾರು 31 ಡೆಸಿಬೆಲ್ ವ್ಯತ್ಯಾಸ ಬಂದುಬಿಡುತ್ತದೆ. "ಹಳೇ ಫೋನಿನಲ್ಲಿ -75 ಬರುತ್ತಿತ್ತು, ಈಗ -105 ಬರುತ್ತಿದೆ, ಟವರ್ ಹಾಳಾಗಿದೆ" ಎನ್ನುವವರು ಕಿಲೋವನ್ನೂ ಗ್ರಾಮನ್ನೂ ಹೋಲಿಸುತ್ತಿದ್ದಾರೆ.

ಸಂಕೇತ ಬಲವಾಗಿದ್ದ ಮಾತ್ರಕ್ಕೆ ಕೆಲಸ ಆಗುತ್ತದೆಂದೂ ಅಲ್ಲ. ಊರ ತೇರಿನ ದಿನ ರಥಬೀದಿಯಲ್ಲಿ ನಿಂತು ನೋಡಿ. ಕಡ್ಡಿ ತುಂಬಾ ಇರುತ್ತದೆ, ಒಂದು ಚಿತ್ರ ಹೋಗುವುದಿಲ್ಲ. ಟವರಿನ ಸಾಮರ್ಥ್ಯವನ್ನು ಸಾವಿರಾರು ಜನ ಹಂಚಿಕೊಂಡಾಗ ಒಬ್ಬೊಬ್ಬರಿಗೆ ದಕ್ಕುವುದು ತೊಟ್ಟು ಮಾತ್ರ.

ಇನ್ನು ನಕ್ಷೆಗೆ ಬರೋಣ. ವ್ಯಾಪ್ತಿ ನಕ್ಷೆಯನ್ನು ಊರೂರು ಸುತ್ತಿ ಅಳೆದು ಬರೆಯುತ್ತಾರೆಂದು ನಮ್ಮಲ್ಲಿ ಹಲವರ ನಂಬಿಕೆ. ಸಾಮಾನ್ಯವಾಗಿ ಹಾಗಲ್ಲ, ಅದು ಗಣಕ ಹಾಕಿದ ಲೆಕ್ಕ. ಟವರಿನ ಎತ್ತರ, ಆಂಟೆನಾದ ದಿಕ್ಕು, ಕಳಿಸುವ ಶಕ್ತಿ, ಆವೃತ್ತಿ, ನೆಲದ ಏರಿಳಿತ, ಕಾಡು ಕಟ್ಟಡಗಳ ವಿವರ ಇವನ್ನೆಲ್ಲ ಒಂದು ಸೂತ್ರಕ್ಕೆ ಉಣಿಸಿದರೆ, ಪ್ರತಿ ಚೌಕಕ್ಕೂ ಇಷ್ಟು ಬಲ ಸಿಕ್ಕೀತು ಎಂಬ ಅಂದಾಜು ಹೊರಬರುತ್ತದೆ. ಇಂಥ ಸೂತ್ರಗಳಲ್ಲಿ ಹೆಸರಾಂತದ್ದು ಒಕುಮುರಾ-ಹಾಟಾ ಮಾದರಿ. 1960ರ ದಶಕದಲ್ಲಿ ಜಪಾನಿನ ಒಕುಮುರಾ ಮತ್ತು ಸಂಗಡಿಗರು ಟೋಕಿಯೋ ಸುತ್ತಮುತ್ತ ಅಳತೆಗಳನ್ನು ಮಾಡಿ ರೇಖಾಚಿತ್ರಗಳಾಗಿ ಪ್ರಕಟಿಸಿದರು. 1980ರಲ್ಲಿ ಹಾಟಾ ಅವುಗಳನ್ನು ಸುಲಭ ಸಮೀಕರಣಗಳಿಗೆ ಇಳಿಸಿದರು. ಇವತ್ತಿನ ತಂತ್ರಾಂಶಗಳು ಇದಕ್ಕಿಂತ ಬಹಳ ಮುಂದುವರಿದಿವೆ, ಒಳ್ಳೆಯ ಕಂಪನಿಗಳು ಸ್ಥಳೀಯ ಅಳತೆಗಳಿಂದ ಸೂತ್ರವನ್ನು ತಿದ್ದಿಕೊಳ್ಳುತ್ತವೆ, ನಿಜ. ಆದರೂ ಬೇರು ಅಲ್ಲಿಯದೇ: ಎಲ್ಲೋ ಕೆಲವೆಡೆ ಅಳೆದದ್ದನ್ನು ಎಲ್ಲೆಡೆಗೂ ಹಬ್ಬಿಸುವುದು.

ಬಯಲುಸೀಮೆಯಲ್ಲಿ ಈ ಲೆಕ್ಕ ಹೆಚ್ಚು ಹುಸಿಯಾಗುವುದಿಲ್ಲ. ಘಟ್ಟದ ಕಥೆ ಬೇರೆ. ಗುಡ್ಡದ ನೆರಳಿನಲ್ಲಿರುವ ಮನೆಗೆ ತರಂಗ ಬಾಗಿ ಬರಬೇಕು, ಆವೃತ್ತಿ ಹೆಚ್ಚಾದಷ್ಟೂ ಬಾಗುವುದು ಕಡಿಮೆ. ತೆರೆದ ಬಯಲಿನಲ್ಲೇ 900 ಮೆಗಾಹರ್ಟ್ಸ್‌ಗಿಂತ 2300 ಮೆಗಾಹರ್ಟ್ಸ್ ಸಂಕೇತ ಅಷ್ಟೇ ದೂರಕ್ಕೆ ಸುಮಾರು 8 ಡೆಸಿಬೆಲ್ ಹೆಚ್ಚು ಕಳೆದುಕೊಳ್ಳುತ್ತದೆ. ಅದರ ಮೇಲೆ ಎಲೆಗಳು. ಎಲೆ ಒದ್ದೆಯಾದರೆ ಇನ್ನೂ ಕಷ್ಟ. ಆಗುಂಬೆಯ ಆಸುಪಾಸಿನಲ್ಲಿ ಎಲೆ ಒಣಗಿರುವ ತಿಂಗಳು ಎಷ್ಟೆಂದು ಓದುಗರಿಗೆ ಹೇಳಬೇಕಾಗಿಲ್ಲ.

ಮಳೆಗಾಲ ಎಂದಾಗ ನೆನಪಾಯಿತು. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಟವರು ಬ್ಯಾಟರಿಯ ಮೇಲೆ, ಆಮೇಲೆ ಡೀಸೆಲ್ ಇದ್ದರೆ ಡೀಸೆಲ್ ಮೇಲೆ ನಡೆಯುತ್ತದೆ. ಎರಡೂ ಮುಗಿದ ಮೇಲೆ ಇಡೀ ಊರು ಕತ್ತಲಿನಲ್ಲಿದ್ದಂತೆಯೇ ಮೌನದಲ್ಲೂ ಇರುತ್ತದೆ. ಮರ ಬಿದ್ದದ್ದನ್ನು ವಿದ್ಯುತ್ ಕಚೇರಿಗೆ ತಿಳಿಸುವುದಕ್ಕೂ ಫೋನಿಲ್ಲ. ಆದರೆ ನಕ್ಷೆಯಲ್ಲಿ ಜೂನ್ ತಿಂಗಳ ಬಣ್ಣ ಬೇರೆ, ಜನವರಿಯ ಬಣ್ಣ ಬೇರೆ ಎಂದಿಲ್ಲ. ಸೂತ್ರಕ್ಕೆ ಟವರು ಸದಾ ಜೀವಂತ.

ನಕ್ಷೆಯ ಇನ್ನೊಂದು ಗುಟ್ಟು ಸಂಭವನೀಯತೆ. ಅಂಚಿನ ಚೌಕದಲ್ಲಿ ಶೇಕಡಾ 80ರಷ್ಟು ಸಂಭವ ಇದ್ದರೆ ಸಾಕು ಎಂದು ಒಬ್ಬರು ಬಣ್ಣ ಹಚ್ಚಬಹುದು, 95 ಬೇಕೆಂದು ಇನ್ನೊಬ್ಬರು ಹಟ ಹಿಡಿಯಬಹುದು. ಮೊದಲನೆಯವರ ನಕ್ಷೆ ಅಗಲವಾಗಿ ಕಾಣುತ್ತದೆ, ಎರಡನೆಯವರದು ಬಡವಾಗಿ. ಲೆಕ್ಕ ಬಯಲಿನಲ್ಲಿ ನಿಂತವನಿಗೋ, ಹೆಂಚಿನ ಮಾಡಿನ ಕೆಳಗೆ ಕುಳಿತವನಿಗೋ ಎಂಬುದರಿಂದಲೂ ಚಿತ್ರ ಬದಲಾಗುತ್ತದೆ. ನಾನು ನೋಡಿದ ನಕ್ಷೆಯಲ್ಲಿ ಬಣ್ಣ ಇತ್ತು. ಈ ವಿವರಗಳು ಎಲ್ಲಾದರೂ ಇದ್ದರೆ ಸಾಮಾನ್ಯ ಗಿರಾಕಿಯ ಕಣ್ಣಿಗೆ ಬೀಳುವಂತೆ ಇರಲಿಲ್ಲ. ಹಿಂದಿನ ಅಂಕಿಗಳನ್ನು ಇಳಿಸಿಕೊಳ್ಳುವ ಗುಂಡಿಯಂತೂ ಸಿಗಲಿಲ್ಲ. ಆದ್ದರಿಂದ ನನ್ನ ದೂರು ನಕ್ಷೆ ಸುಳ್ಳೆಂದಲ್ಲ. ಅಂದಾಜನ್ನು ಅಳತೆಯ ವೇಷದಲ್ಲಿ ತೋರಿಸುತ್ತದೆ, ಪರೀಕ್ಷಿಸಲು ಬಿಡುವುದಿಲ್ಲ ಎಂದು.

ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. ಅಮೆರಿಕದಲ್ಲಿ ಇದೇ ವಿಷಯ ದೊಡ್ಡ ರಾದ್ಧಾಂತವಾಯಿತು, ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಅಲ್ಲಿನ ಫೆಡರಲ್ ಸಂಪರ್ಕ ಆಯೋಗ ಹಳ್ಳಿಗಾಡಿಗೆ 4ಜಿ ತಲುಪಿಸಲು ಹತ್ತು ವರ್ಷಗಳಲ್ಲಿ 453 ಕೋಟಿ ಡಾಲರ್ ಸಹಾಯಧನ ಕೊಡುವ ಯೋಜನೆ ಹಾಕಿತು. ಯಾವ ಪ್ರದೇಶಕ್ಕೆ ಕೊಡಬೇಕು? ಸೆಕೆಂಡಿಗೆ 5 ಮೆಗಾಬಿಟ್ ವೇಗದ 4ಜಿ ಇಲ್ಲದ ಕಡೆಗೆ. ಎಲ್ಲಿ ಇಲ್ಲ ಎಂದು ತಿಳಿಯುವುದು ಹೇಗೆ? ಕಂಪನಿಗಳೇ ನಕ್ಷೆ ಕೊಡಬೇಕು! ನಕ್ಷೆಯಲ್ಲಿ ಬಣ್ಣ ಬಿದ್ದ ಊರಿಗೆ ಹಣವಿಲ್ಲ. ಒಪ್ಪದವರು ತಾವೇ ಅಳೆದು ಆಕ್ಷೇಪ ಸಲ್ಲಿಸಬಹುದಿತ್ತು. ವರ್ಮಾಂಟ್ ಎಂಬ ಪುಟ್ಟ ಗುಡ್ಡಗಾಡು ರಾಜ್ಯದ ಸಾರ್ವಜನಿಕ ಸೇವಾ ಇಲಾಖೆ 2018ರಲ್ಲಿ ಕಾರಿನಲ್ಲಿ ಬೇರೆ ಬೇರೆ ಕಂಪನಿಗಳ ಫೋನುಗಳನ್ನು ಇಟ್ಟುಕೊಂಡು ರಾಜ್ಯದ ರಸ್ತೆಗಳನ್ನು ಸುತ್ತಿ ಅಳೆಯಿತು. ಆಕ್ಷೇಪಗಳು ರಾಶಿ ಬಿದ್ದಾಗ ಆಯೋಗದ ಸಿಬ್ಬಂದಿಯೇ ರಸ್ತೆಗಿಳಿದರು. ಸುಮಾರು 10 ಸಾವಿರ ಮೈಲಿ ಓಡಾಟ, ಸುಮಾರು 25 ಸಾವಿರ ಪರೀಕ್ಷೆ. 2019ರ ಡಿಸೆಂಬರ್‌ನಲ್ಲಿ ಬಂದ ವರದಿಯ ಪ್ರಕಾರ, ನಕ್ಷೆ ಭರವಸೆ ಕೊಟ್ಟ ಕನಿಷ್ಠ ವೇಗ ಸಿಕ್ಕಿದ್ದು ಶೇಕಡಾ 62ರಷ್ಟು ಪರೀಕ್ಷೆಗಳಲ್ಲಿ ಮಾತ್ರ. ವೆರೈಜಾನ್, ಯುಎಸ್ ಸೆಲ್ಯುಲರ್, ಟಿ-ಮೊಬೈಲ್ ಕಂಪನಿಗಳ ನಕ್ಷೆಗಳು ಹಲವೆಡೆ ವ್ಯಾಪ್ತಿಯನ್ನು ಹಿಗ್ಗಿಸಿ ತೋರಿಸಿದ್ದವು. ಆಯೋಗ ಆ ಯೋಜನೆಯನ್ನೇ ಕೈಬಿಡಬೇಕಾಯಿತು. 2020ರ ಮಾರ್ಚ್‌ನಲ್ಲಿ ಅಲ್ಲಿ ಹೊಸ ಕಾನೂನು ಬಂದಿತು. ಅದರಂತೆ 2022ರ ನವೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ನಕ್ಷೆಯನ್ನು ಯಾವ ನಾಗರಿಕನೂ ಪುರಾವೆ ಸಹಿತ ಪ್ರಶ್ನಿಸಬಹುದು.

ನನಗೆ ಇದರಲ್ಲಿ ಮುಖ್ಯವೆನಿಸುವುದು ಶೇಕಡಾ 62 ಎಂಬ ಅಂಕಿಯಲ್ಲ, ಆಕ್ಷೇಪಣೆಯ ಬಾಗಿಲು. ಆ ಬಾಗಿಲು ಇಲ್ಲದಿದ್ದರೆ ತಪ್ಪು ಹೊರಬೀಳುತ್ತಲೇ ಇರಲಿಲ್ಲ.

ಅಂಕಿಗಳನ್ನು ಕಟ್ಟುವ ಕಲೆಯಲ್ಲಿ ನಾವೂ ಹಿಂದೆ ಬಿದ್ದಿಲ್ಲ. ಕರೆ ಕಡಿತದ ಪ್ರಕರಣ ನೆನಪಿರಬಹುದು. ಮಧ್ಯದಲ್ಲಿ ಕಡಿದುಹೋದ ಪ್ರತಿ ಕರೆಗೆ ಗ್ರಾಹಕನಿಗೆ ಒಂದು ರೂಪಾಯಿ, ದಿನಕ್ಕೆ ಹೆಚ್ಚೆಂದರೆ ಮೂರು ಬಾರಿ, ಪರಿಹಾರ ಕೊಡಬೇಕೆಂದು ಟ್ರಾಯ್ 2015ರ ಅಕ್ಟೋಬರ್‌ನಲ್ಲಿ ಆದೇಶಿಸಿತು. 2016ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಅದೇ ಸುಮಾರಿಗೆ ಪತ್ರಿಕೆಗಳಲ್ಲಿ 'ರೇಡಿಯೋ ಲಿಂಕ್ ಟೈಮ್‌ಔಟ್' ಎಂಬ ಪದ ಕಾಣಿಸಿಕೊಂಡಿತು. 2ಜಿ ಜಾಲದಲ್ಲಿ ಕರೆ ನಡೆಯುವಾಗ ಸುಮಾರು ಅರ್ಧ ಸೆಕೆಂಡಿಗೊಮ್ಮೆ, ಕರಾರುವಾಕ್ಕಾಗಿ 480 ಮಿಲಿಸೆಕೆಂಡಿಗೊಮ್ಮೆ, ಒಂದು ನಿಯಂತ್ರಣ ಸಂದೇಶ ಬರುತ್ತಿರುತ್ತದೆ. ಅದು ಅರ್ಥವಾಗದಿದ್ದರೆ ಫೋನಿನೊಳಗಿನ ಎಣಿಕೆ ಒಂದು ಇಳಿಯುತ್ತದೆ, ಅರ್ಥವಾದರೆ ಎರಡು ಏರುತ್ತದೆ. ಸೊನ್ನೆ ಮುಟ್ಟಿದಾಗ ಕರೆ ಕಡಿತ. ಈ ಎಣಿಕೆ ಎಷ್ಟರಿಂದ ಶುರುವಾಗಬೇಕೆಂದು ನಿಗದಿ ಮಾಡುವುದು ಕಂಪನಿ: ಕನಿಷ್ಠ 4, ಗರಿಷ್ಠ 64. ನಾಲ್ಕಿಟ್ಟರೆ ಎರಡು ಸೆಕೆಂಡಿನಲ್ಲಿ ಕಡಿತ. ಅರವತ್ತನಾಲ್ಕಿಟ್ಟರೆ ಅರ್ಧ ನಿಮಿಷದಷ್ಟು ಹೊತ್ತು ಕರೆ ದಾಖಲೆಯಲ್ಲಿ ಬದುಕಿರುತ್ತದೆ, ಕಿವಿಗೆ ಮಾತ್ರ ಏನೂ ಕೇಳುವುದಿಲ್ಲ. "ಹಲೋ, ಹಲೋ, ಕೇಳಿಸ್ತಿದೆಯಾ?" ಎಂದು ಕೂಗಿ ಸಾಕಾಗಿ ನಾವೇ ಕೆಂಪು ಗುಂಡಿ ಒತ್ತುತ್ತೇವೆ. ಒತ್ತಿದ್ದು ನಾವಾದ್ದರಿಂದ ಅದು ಕರೆ ಕಡಿತವಲ್ಲ, ಸಹಜ ಮುಕ್ತಾಯ! ಸುರಂಗ ದಾಟುವಾಗ ಕರೆ ಉಳಿಸಲು ಈ ಸೌಲಭ್ಯ ನಿಜಕ್ಕೂ ಬೇಕು, ಆದ್ದರಿಂದ ದೊಡ್ಡ ಸಂಖ್ಯೆ ಇಟ್ಟವರೆಲ್ಲ ಮೋಸಗಾರರೆಂದು ನಾನು ಹೇಳಲಾರೆ. ಆದರೆ ಆ ಸಂಖ್ಯೆ ಗೊತ್ತಿಲ್ಲದೆ "ನಮ್ಮ ಕರೆ ಕಡಿತ ಶೇಕಡಾ 2ಕ್ಕಿಂತ ಕಡಿಮೆ" ಎಂಬ ಹೇಳಿಕೆಗೆ ಅರ್ಥವಿಲ್ಲ.

ಆಗ ಇದ್ದ ಇನ್ನೊಂದು ಮರೆ ಸರಾಸರಿ. ಇಡೀ ಸೇವಾ ವಲಯದ, ಅಂದರೆ ಹೆಚ್ಚೂಕಡಿಮೆ ಇಡೀ ರಾಜ್ಯದ, ಸರಾಸರಿ ತೆಗೆದರೆ ಬೆಂಗಳೂರಿನ ಲಕ್ಷಾಂತರ ಕರೆಗಳ ನಡುವೆ ಹೊಸನಗರದ ನೂರು ಕರೆ ಕಾಣುವುದೇ ಇಲ್ಲ. 2017ರಲ್ಲಿ ಟ್ರಾಯ್ ಇದನ್ನು ಮನಗಂಡು, ಶೇಕಡಾ ಎಷ್ಟು ಟವರ್ ಕೋಶಗಳು ಶೇಕಡಾ ಎಷ್ಟು ದಿನ ಮಿತಿಯೊಳಗಿದ್ದವು ಎಂದು ನೋಡುವ ಕ್ರಮ ತಂದಿತು. ಇದು ಸುಧಾರಣೆಯೇ. ಆದರೂ ಶೇಕಡಾ 90ರಷ್ಟು ಕೋಶಗಳು ಸರಿಯಿದ್ದರೆ ಪಾಸು ಎಂದಾಗ, ಉಳಿದ ಹತ್ತು ಯಾವುವು ಎಂಬ ಪ್ರಶ್ನೆ ಏಳುತ್ತದೆ. ಪ್ರತಿ ತ್ರೈಮಾಸಿಕವೂ ಅವೇ ಹತ್ತು ಆಗಿದ್ದರೆ?

ಇಲ್ಲಿ ಮುಕ್ತ ದತ್ತಾಂಶದ ಮಾತು ಬರುತ್ತದೆ. ಸರ್ಕಾರದ ಬಳಿ ಅಂಕಿಗಳಿಲ್ಲವೆಂದಲ್ಲ. ಟ್ರಾಯ್ 2016ರಲ್ಲಿ 'ಮೈಸ್ಪೀಡ್' ಎಂಬ ಆ್ಯಪ್ ಹೊರತಂದಿತು. ಜನ ತಮ್ಮ ಫೋನಿನಲ್ಲಿ ಮಾಡಿದ ವೇಗ ಪರೀಕ್ಷೆಗಳ ಫಲಿತಾಂಶ ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ತಿಂಗಳುವಾರು ಕಡತಗಳಾಗಿ ಪ್ರಕಟವಾಗಿದೆ. ಒಂದು ಕಡತ ಇಳಿಸಿಕೊಂಡು ನೋಡಿದರೆ ಖುಷಿಯಾಗುತ್ತದೆ: ಒಂದೊಂದು ಪರೀಕ್ಷೆಗೆ ಒಂದೊಂದು ಸಾಲು. ಕಂಪನಿ, ತಂತ್ರಜ್ಞಾನ, ಡೌನ್‌ಲೋಡೋ ಅಪ್‌ಲೋಡೋ, ವೇಗ, ಸಂಕೇತ ಬಲ ಎಲ್ಲ ಇದೆ. ಸ್ಥಳದ ಅಂಕಣಕ್ಕೆ ಬಂದಾಗ ಖುಷಿ ಇಳಿಯುತ್ತದೆ. ಅಲ್ಲಿರುವುದು ಸೇವಾ ವಲಯದ ಹೆಸರು ಮಾತ್ರ. 'ಕರ್ನಾಟಕ', ಅಷ್ಟೇ. ಬ್ರಿಗೇಡ್ ರಸ್ತೆಯೂ ಕರ್ನಾಟಕ, ಕೊಲ್ಲೂರಿನ ಕಾಡೂ ಕರ್ನಾಟಕ.

ಇದಕ್ಕೆ ತದ್ವಿರುದ್ಧವಾದದ್ದು ಊಕ್ಲಾ ಎಂಬ ಅಮೆರಿಕದ ಖಾಸಗಿ ಸಂಸ್ಥೆ ಕೊಡುವ ಮುಕ್ತ ದತ್ತಾಂಶ. ಅದರ 'ಸ್ಪೀಡ್‌ಟೆಸ್ಟ್' ನಮ್ಮಲ್ಲೂ ಜನಪ್ರಿಯ. 2019ರ ಮೊದಲ ತ್ರೈಮಾಸಿಕದಿಂದಾಚೆಗಿನ ಫಲಿತಾಂಶಗಳನ್ನು ಭೂಮಿಯನ್ನೆಲ್ಲ ಚೌಕಗಳಾಗಿ ವಿಭಾಗಿಸಿ, ಚೌಕವಾರು ಸರಾಸರಿ ವೇಗ, ವಿಳಂಬ, ಪರೀಕ್ಷೆಗಳ ಸಂಖ್ಯೆ ಸಮೇತ ಅದು ಪ್ರಕಟಿಸಿದೆ. ವಾಣಿಜ್ಯೇತರ ಬಳಕೆಗೆ ಯಾರೂ ಇಳಿಸಿಕೊಳ್ಳಬಹುದು. ಚೌಕದ ಬದಿ ನಮ್ಮ ಅಕ್ಷಾಂಶದಲ್ಲಿ ಸುಮಾರು 600 ಮೀಟರು. ಒಂದು ಕೇರಿಯನ್ನು ಗುರುತಿಸಲು ಇಷ್ಟು ಸಾಕು. ಆದರೆ ಅದರಲ್ಲಿ ಕಂಪನಿಯ ಹೆಸರಿಲ್ಲ! ಒಂದರಲ್ಲಿ ಕಂಪನಿ ಇದೆ, ಊರಿಲ್ಲ. ಇನ್ನೊಂದರಲ್ಲಿ ಊರಿದೆ, ಕಂಪನಿ ಇಲ್ಲ. ಬಸ್ ನಿಲ್ದಾಣದ ವಾದವಾದರೋ ಕೇಳುವುದು ಇವೆರಡನ್ನೂ ಒಟ್ಟಿಗೆ: ಈ ಊರಿನಲ್ಲಿ ಯಾವ ಕಂಪನಿ?

ಅಂಕಿ ಮುಚ್ಚಿಟ್ಟಾಗ ಕಂಪನಿಗಳ ನಡುವೆಯೂ ಅದೇ ಬಸ್ ನಿಲ್ದಾಣದ ಜಗಳ ನಡೆಯುತ್ತದೆ. 2017ರಲ್ಲಿ ಏರ್‌ಟೆಲ್ ತನ್ನದು ದೇಶದ ಅತಿ ವೇಗದ ಜಾಲವೆಂದು ಊಕ್ಲಾ ಅಂಕಿ ಹಿಡಿದು ಜಾಹೀರಾತು ಕೊಟ್ಟಿತು. ಎರಡು ಸಿಮ್ ಇರುವ ಫೋನುಗಳಲ್ಲಿ ಒಂದು ಸಿಮ್ಮಿನ ಫಲಿತಾಂಶ ಇನ್ನೊಂದರ ಹೆಸರಿಗೆ ಹೋಗುತ್ತಿದೆ ಎಂದು ಜಿಯೋ ತಗಾದೆ ತೆಗೆಯಿತು. ಊಕ್ಲಾ ತನ್ನ ವಿಧಾನವನ್ನು ಸಮರ್ಥಿಸಿಕೊಂಡಿತು, ಜಾಹೀರಾತು ಮಾನಕ ಮಂಡಳಿ ಜಾಹೀರಾತು ದಾರಿತಪ್ಪಿಸುವಂತಿದೆ ಎಂದಿತು. ಯಾರು ಸರಿ ಎಂದು ನೀವೂ ನಾನೂ ಪರೀಕ್ಷಿಸಲು ಮೂಲ ಅಂಕಿಗಳು ಎದುರಿಗಿರಲಿಲ್ಲ.

ಟ್ರಾಯ್‌ನ ಇನ್ನೊಂದು ಆ್ಯಪ್ 'ಮೈಕಾಲ್'. ಕರೆ ಮುಗಿದ ಮೇಲೆ ಅದಕ್ಕೆ ಅಂಕ ಕೊಡಬಹುದು. ಇದರ ಪ್ರಕಟಿತ ಕಡತದಲ್ಲಿ ಕಂಪನಿಯೂ ಇದೆ, ಅಕ್ಷಾಂಶ ರೇಖಾಂಶದ ಅಂಕಣವೂ ಇದೆ. ಮನೆಯೊಳಗೋ, ಹೊರಗೋ, ಪ್ರಯಾಣದಲ್ಲೋ ಎಂಬುದನ್ನೂ ಕೇಳುತ್ತದೆ. ಕಲ್ಪನೆ ಮೆಚ್ಚತಕ್ಕದ್ದು. ತೊಂದರೆ ಏನೆಂದರೆ ಅಂಕ ಕೊಡುವ ಜನ ಕಡಿಮೆ, ಕೊಡುವವರೂ ಹೆಚ್ಚಾಗಿ ಸಿಟ್ಟು ಬಂದಾಗ ಕೊಡುತ್ತಾರೆ.

ಜನರ ಫೋನಿನಿಂದ ಕಲೆಹಾಕುವ ಎಲ್ಲ ಅಂಕಿಗೂ ಅಂಟಿದ ಒಂದು ದೋಷವಿದೆ. ಪರೀಕ್ಷೆ ನಡೆಯಬೇಕಾದರೆ ಜಾಲ ಸಿಗಬೇಕು. ಜಾಲವೇ ಇಲ್ಲದ ಕಡೆಯಿಂದ ಫಲಿತಾಂಶ ಬರುವುದು ಹೇಗೆ? ತರಗತಿಯಲ್ಲಿ "ಗೈರುಹಾಜರಾದವರು ಕೈಯೆತ್ತಿ" ಎಂದು ಕೇಳಿದ ಹಾಗಾಯಿತು. ಬಂಧುಗಳ ಮನೆಯ ಅಡುಗೆಮನೆಯಿಂದ ಮೈಸ್ಪೀಡ್‌ಗೆ ಎಂದೂ ಒಂದು ಸಾಲು ಹೋಗುವುದಿಲ್ಲ. ಹೋಗುವುದು ಕಿಟಕಿಯ ಚೀಲದಿಂದ ಮಾತ್ರ. ಹೀಗೆ ನಕ್ಷೆ ಇದೆ ಎನ್ನುತ್ತದೆ, ಪರೀಕ್ಷೆಗಳ ಸರಾಸರಿಯೂ ಪರವಾಗಿಲ್ಲ ಎನ್ನುತ್ತದೆ, ಇಲ್ಲದ ಜಾಗ ಎರಡರಲ್ಲೂ ಇರುವುದಿಲ್ಲ. ಸೊನ್ನೆಯನ್ನೂ ದಾಖಲಿಸುವ, ಅಂದರೆ ಸಂಕೇತ ಸಿಗದಿದ್ದಾಗ ಸ್ಥಳವನ್ನು ಬರೆದಿಟ್ಟುಕೊಂಡು ಜಾಲ ಸಿಕ್ಕ ಮೇಲೆ ಕಳಿಸುವ ಆ್ಯಪ್ ಕಷ್ಟದ ಕೆಲಸವೇನಲ್ಲ. ಫೋನಿನ ಜಿಪಿಎಸ್‌ಗೆ ಟವರಿನ ಹಂಗಿಲ್ಲ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಏಕೆ? 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ, ಆನ್‌ಲೈನ್ ಪಾಠ ಕೇಳುತ್ತ ಕುಳಿತ ಮಗಳಿಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ತಂದೆಯ ಚಿತ್ರವನ್ನು ನೀವು ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಅದೇ ಅವಧಿಯಲ್ಲಿ ಮಲೆನಾಡಿನ ಕೆಲವೆಡೆ 'ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ' ಎಂಬ ಫಲಕಗಳು ಎದ್ದವು. ಶಾಲೆಗಳು ತೆರೆದ ಮೇಲೆ ಚಿತ್ರ ಮರೆತಿತು. ಹಾವು ಕಚ್ಚಿದಾಗ 108ಕ್ಕೆ ಕರೆ ಮಾಡಬೇಕಾದವರ, ಪಡಿತರದಂಗಡಿಯಲ್ಲಿ ಬೆರಳಚ್ಚು ಹೋಗದೆ ವಾಪಸಾಗುವವರ ಕಷ್ಟ ಮರೆಯಾಗಿಲ್ಲ. 2022ರ ಜುಲೈನಲ್ಲಿ ಕೇಂದ್ರ ಸಂಪುಟ, ಸಂಪರ್ಕವಿಲ್ಲದ 24,680 ಗ್ರಾಮಗಳಿಗೆ 4ಜಿ ಒದಗಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಲೆಕ್ಕ ಇಲ್ಲಿ ಗ್ರಾಮದ್ದು. ಬಯಲುಸೀಮೆಯಲ್ಲಿ ಗ್ರಾಮವೆಂದರೆ ಒತ್ತೊತ್ತಾಗಿ ನಿಂತ ಮನೆಗಳು. ಮಲೆನಾಡಿನಲ್ಲಿ ಕಂದಾಯ ಗ್ರಾಮವೆಂದರೆ ಗುಡ್ಡಕ್ಕೊಂದು, ಕಣಿವೆಗೊಂದು ಮನೆ. ಒಂದು ಮೂಲೆಗೆ ಸಂಕೇತ ಮುಟ್ಟಿದ ಮಾತ್ರಕ್ಕೆ ಗ್ರಾಮ 'ವ್ಯಾಪ್ತಿಯೊಳಗೆ' ಸೇರಿದರೆ ಉಳಿದ ಮನೆಗಳು ಪಟ್ಟಿಯಿಂದಲೇ ಹೊರಗೆ. ಈ ಯೋಜನೆಗಳ ಹಣ ಬರುವುದು ಕಂಪನಿಗಳ ಆದಾಯದ ಮೇಲಿನ ಶೇಕಡಾ 5ರ ಸಾರ್ವತ್ರಿಕ ಸೇವಾ ಕರದಿಂದ, ಅಂದರೆ ಕೊನೆಗೆ ನಮ್ಮ ರೀಚಾರ್ಜಿನಿಂದ. ಕಿಟಕಿಗೆ ಫೋನು ಕಟ್ಟಿಕೊಂಡವರೂ ಅದಕ್ಕೆ ಪಾಲು ಕೊಡುತ್ತಿದ್ದಾರೆ.

ವ್ಯಾಪಾರದ ಗುಟ್ಟು ಹೊರಬೀಳುತ್ತದೆ ಎಂಬುದು ಕಂಪನಿಗಳ ಕಡೆಯಿಂದ ಬರಬಹುದಾದ ಆಕ್ಷೇಪ. ನನಗೆ ಅದರಲ್ಲಿ ಹುರುಳು ಕಾಣುವುದಿಲ್ಲ. ಪ್ರತಿಸ್ಪರ್ಧಿಗೆ ನಿಮ್ಮ ಸಂಕೇತ ಅಳೆಯಲು ಒಂದು ಸಿಮ್ಮೂ ಒಂದು ಕಾರೂ ಸಾಕು. ಗುಟ್ಟಾಗಿ ಉಳಿಯುವುದು ಗ್ರಾಹಕನಿಗೆ ಮಾತ್ರ. ಖಾಸಗಿತನದ ಆಕ್ಷೇಪ ಗಟ್ಟಿಯಾದದ್ದು. ಒಂಟಿ ಮನೆಯ ಅಕ್ಷಾಂಶ ರೇಖಾಂಶದೊಂದಿಗೆ ಪರೀಕ್ಷೆಯ ವೇಳೆಯನ್ನೂ ಪ್ರಕಟಿಸಿದರೆ ಆ ಮನೆಯವರ ದಿನಚರಿ ಬಯಲಾದ ಹಾಗೆ. ಅದಕ್ಕೇ ಚೌಕದ ಉಪಾಯ ಇರುವುದು. 600 ಮೀಟರಿನ ಚೌಕ, ತಿಂಗಳಿಗೊಂದು ಸರಾಸರಿ, ಜೊತೆಗೆ ಕಂಪನಿಯ ಹೆಸರು ಮತ್ತು ಸಂಕೇತವೇ ಸಿಗದ ಪ್ರಯತ್ನಗಳ ಸಂಖ್ಯೆ. ಕಾಡಿನ ನಡುವೆ ಒಂದೇ ಮನೆಯಿರುವ ಚೌಕವಾದರೆ ಇನ್ನೂ ದೊಡ್ಡದು ಮಾಡಬಹುದು. ಮೈಸ್ಪೀಡ್ ಕಡತದ ಸ್ಥಳದ ಅಂಕಣದಲ್ಲಿ ವಲಯದ ಬದಲು ಚೌಕದ ಸಂಖ್ಯೆ ಬರೆದರೆ ಅರ್ಧ ಕೆಲಸ ಮುಗಿಯಿತು. ಕಂಪನಿಯ ನಕ್ಷೆಯನ್ನು ಅದೇ ಚೌಕಗಳ ಮೇಲೆ ಹರಡಿ, ಎರಡೂ ತಾಳೆಯಾಗದ ಕಡೆ ಗ್ರಾಮ ಪಂಚಾಯಿತಿ ಆಕ್ಷೇಪ ಸಲ್ಲಿಸುವಂತಾದರೆ ಇನ್ನರ್ಧ.

ಅಲ್ಲಿಯವರೆಗೆ ಓದುಗರು ತಾವೇ ಅಳೆಯಬಹುದು. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನ 'ಫೋನಿನ ಕುರಿತು' ಭಾಗದಲ್ಲಿ ಸಿಮ್ ಸ್ಥಿತಿ ತೆರೆದರೆ ಡಿಬಿಎಂ ಅಂಕಿ ಸಿಗುತ್ತದೆ. ಐಫೋನಿನಲ್ಲಿ *3001#12345#* ಎಂದು ಒತ್ತಿ ಕರೆ ಗುಂಡಿ ಅದುಮಬೇಕು. ದಿನಾಂಕ, ವೇಳೆ, ಜಾಗ, ಮನೆಯೊಳಗೋ ಹೊರಗೋ, 4ಜಿಯೋ 2ಜಿಯೋ, ಕರೆಂಟು ಇತ್ತೋ ಇಲ್ಲವೋ ಇಷ್ಟನ್ನು ಬರೆದುಕೊಳ್ಳಿ. ಸಂಕೇತ ಸಿಗದ ಜಾಗವನ್ನು ಬಿಡದೆ ಬರೆಯಿರಿ. ಪ್ರೌಢಶಾಲೆಯ ವಿಜ್ಞಾನ ಸಂಘಕ್ಕೆ ಇದು ಒಳ್ಳೆಯ ಚಟುವಟಿಕೆ, ಖರ್ಚೂ ಇಲ್ಲ. ಬಂಧುಗಳ ಮನೆಯ ಹುಡುಗಿ ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಇದನ್ನು ಶುರು ಮಾಡಿದ್ದಾಳೆ. ನಾನು ಹೊರಡುವ ಹೊತ್ತಿಗೆ ಎರಡು ಪುಟ ತುಂಬಿತ್ತು. ಕೊನೆಯ ಸಾಲು ಹೀಗಿತ್ತು: ಸಂಕದ ಹತ್ತಿರ, ಸಂಜೆ ಆರೂವರೆ, ಮಳೆ, ಕರೆಂಟು ಇಲ್ಲ, ಸಂಕೇತ ಇಲ್ಲ.